ಹೆಚ್ಚಿಗೆ ಸಿಕ್ಕ ಗಂಟೆ

ಇವತ್ತು ಬೆಳಗಿನ ಜಾವ ಮೂರಕ್ಕೆ
ಇಡೀ ಬ್ರನೋ ಪಟ್ಟಣ ಒಂದು ಗಂಟೆ ಹಿಂದೆ ಸರಿಯಿತು.
ಫೋನುಗಳು ತಾವೇ ತಿದ್ದಿಕೊಂಡವು,
ಯಾರನ್ನೂ ಕೇಳದೆ, ಸದ್ದಿಲ್ಲದೆ,
ಪರೀಕ್ಷೆಯಲ್ಲಿ ಪಕ್ಕದವನದು ನೋಡಿ ಬರೆದುಕೊಂಡ ಹಾಗೆ.
ಓವನ್ನುಗಳು ತಿದ್ದಿಕೊಳ್ಳಲಿಲ್ಲ.
ಎಂಟು ಮಹಡಿಯ ನಮ್ಮ ಕಾಂಕ್ರೀಟು ಪೆಟ್ಟಿಗೆಯಲ್ಲಿ
ಆ ಹಸಿರು ಅಂಕಿಗಳಿಗೆಲ್ಲ ನಾನೇ ಗತಿ:
ದ್ರಾಹೊಮೀರಾ, ಐದನೇ ಮಹಡಿ,
ಟ್ರಾಮ್ ಸಿಗ್ನಲ್ಲುಗಳ ನಿವೃತ್ತ ಮೆಕ್ಯಾನಿಕ್,
ಕರೆದವರ ಮನೆಗೆ ಹೋಗಿ
ವರ್ಷಕ್ಕೆರಡು ಸಲ ಪಂಚಾಂಗ ಹೇಳುವವಳು.

ಮೊದಲು ಹವ್ರಾನೆಕ್‌ರ ಮನೆ.
ಎರಡು ಗುಂಡಿ ಒಟ್ಟಿಗೆ ಒತ್ತಬೇಕು, ಮೂರೆಣಿಸುವ ತನಕ.
ಕೈಪಿಡಿ ಎಂದೋ ಕಳೆದಿದೆ, ನನ್ನ ಹೆಬ್ಬೆರಳಿಗೆ ನೆನಪಿದೆ.
ಅಷ್ಟರಲ್ಲೇ "ಇದನ್ನೂ ಒಂದಿಷ್ಟು" ಎಂದು ಪ್ರಿಂಟರ್ ತೋರಿಸುತ್ತಾರೆ.
ಹಳದಿ ಶಾಯಿ ಮುಗಿದಿದೆಯಂತೆ,
ಅದಕ್ಕೇ ಕಪ್ಪು ಅಕ್ಷರ ಮೂಡಿಸುವುದಿಲ್ಲವಂತೆ.
ಅರಿಸಿನ ಇಲ್ಲ ಅಂತ ಉಪ್ಪು ಕೊಡದ ಅಂಗಡಿ!
ಪ್ರಿಂಟರ್ ಮಾಡುವವರ ಬಗ್ಗೆ ನಾನು ಹೇಳುವುದು
ಮಕ್ಕಳ ಕಿವಿಗೆ ಬೀಳುವಂಥದ್ದಲ್ಲ.

ಆರನೆಯದರಲ್ಲಿ ಮತೌಶ್, ಕಾಲೇಜು ಹುಡುಗ,
ದೀಪಕ್ಕೂ ಒಂದು ಖಾತೆ ತೆರೆದಿದ್ದಾನೆ.
ನಿನ್ನೆ ಪಾಸ್‌ವರ್ಡ್ ಮರೆತು ಕತ್ತಲಲ್ಲೇ ಉಂಡನಂತೆ.
ಗೋಡೆಯ ಮೇಲೆ ಸ್ವಿಚ್ಚಿದೆಯಲ್ಲೋ, ಅಂದೆ.
"ಅದನ್ನ ಒತ್ತಿದರೆ ದೀಪ ನನ್ನ ಮರೆತುಬಿಡುತ್ತೆ."
ಮರೆಯಲಿ ಬಿಡು.
ದೀಪ ನಿನ್ನ ನೆನಪಿಟ್ಟುಕೊಂಡು ಮಾಡುವುದಾದರೂ ಏನು?

ಹೇಳುತ್ತ ಹೋದರೆ ಮೆಟ್ಟಿಲು ಸಾಲದು.
ಬರೆಯುವ ತಂತ್ರಾಂಶಕ್ಕೆ ತಿಂಗಳ ಬಾಡಿಗೆ;
ಪೆನ್ಸಿಲ್ ಯಾವತ್ತಾದರೂ ಒಂದನೇ ತಾರೀಕು ಬಾಗಿಲು ಬಡಿದಿದೆಯೇ?
"ಆಮೇಲೆ ನೆನಪಿಸು" ಅನ್ನುವ ಗುಂಡಿ ಇದೆ,
"ಬೇಡ" ಅನ್ನುವ ಗುಂಡಿಯನ್ನು ಯಾರು ಕದ್ದರು?
ಇನ್ನು ಅಪ್‌ಡೇಟ್: ರಾತ್ರಿ ಯಾರೋ ಒಳನುಗ್ಗಿ
ಜೀರಿಗೆ ಡಬ್ಬಿಯನ್ನು ಬೇರೆ ಕಪಾಟಿಗೆ ಸರಿಸಿ
"ಹೊಸದಾಗಿದೆ, ಖುಷಿಪಡಿ" ಎಂದು ಚೀಟಿ ಅಂಟಿಸಿ ಹೋದ ಹಾಗೆ.
ಹೊಗಳುವಂಥದ್ದನ್ನು ಹೊಗಳುತ್ತೇನೆ, ಇಲ್ಲ ಅನ್ನಬೇಡಿ.
ಕ್ಯಾಲ್ಕುಲೇಟರ್:
ಕೇಳಿದಷ್ಟು ಹೇಳಿ ಬಾಯಿ ಮುಚ್ಚಿ ಕೂರುತ್ತದೆ.
ಕಂಟ್ರೋಲ್ ಝಡ್:
ಅದನ್ನು ಕಂಡುಹಿಡಿದವರ ಹೊಟ್ಟೆ ತಣ್ಣಗಿರಲಿ.

ಏಳನೇ ಮಹಡಿಯಲ್ಲಿ ಒತೀಲಿಯೆ ಕದ ತೆರೆದಳು,
ಪ್ಲಮ್ ಕೇಕಿನ ಬಿಸಿ ಅವಳ ಹಿಂದೆಯೇ ಬಂತು.
"ನನ್ನ ಒಲೆ ಮುಟ್ಟಬೇಡ" ಅಂದಳು.
"ಮಾರ್ಚಿನಲ್ಲಿ ಲಿಫ್ಟು ಕೆಟ್ಟಿತ್ತು, ನೀನು ಆರು ದಾಟಿ ಹತ್ತಲಿಲ್ಲ.
ಅವತ್ತಿಂದ ತಪ್ಪು ತೋರಿಸುತ್ತಿತ್ತು.
ಇವತ್ತು ತಾನಾಗಿ ಸರಿಯಾಗಿದೆ, ನೋಡು."
ನೋಡಿದೆ. ಹತ್ತು ಇಪ್ಪತ್ತು.
ನನ್ನ ಕೈಗಡಿಯಾರದಲ್ಲೂ ಹತ್ತು ಇಪ್ಪತ್ತು.
"ಏಳು ತಿಂಗಳು ಏನು ಮಾಡಿದೆ?"
"ಒಂದು ಕೂಡಿಸಿಕೊಂಡೆ. ನಿನಗೆ ಎಣಿಸೋಕೆ ಬರಲ್ವಾ?"
ಹದಿನೇಳು ವಾದ ನಾಲಿಗೆ ತುದಿಗೆ ಬಂದವು.
ಕೇಕಿನ ತುಂಡು ಅವನ್ನೆಲ್ಲ ಒಳಗೆ ದಬ್ಬಿತು.

ಕೆಳಗಿಳಿದು ಬಂದು ನನ್ನ ಯಂತ್ರ ಹಚ್ಚಿದೆ.
ನಾನೇ ಜೋಡಿಸಿದ್ದು, ಒಂದೊಂದು ತಿರುಪೂ ನನ್ನ ಕೈಯದು;
ಮೇಲಿನ ತಗಡಿನ ಮೇಲೆ ಬೆಕ್ಕು ಮಲಗುತ್ತದೆ, ಬೆಚ್ಚಗಿರುತ್ತದಂತೆ.
ಒಳಗಿನ ಗುಂಡು ಸೆಲ್ ಸತ್ತು ವರ್ಷವಾಯಿತು.
ಹಚ್ಚಿದಾಗಲೆಲ್ಲ ಅದಕ್ಕೆ
ಎರಡು ಸಾವಿರದ ಒಂಬತ್ತು, ಜನವರಿ ಒಂದು.
ಬ್ಯಾಂಕು ಬಾಗಿಲಲ್ಲೇ ತಡೆಯುತ್ತದೆ:
ನಿನ್ನ ದಿನಕ್ಕೆ ನಮ್ಮ ಪ್ರಮಾಣಪತ್ರ ಇನ್ನೂ ಹುಟ್ಟಿಲ್ಲ, ತಾಯಿ.
ಕೂತು ತುಂಬುತ್ತೇನೆ, ವರ್ಷ, ತಿಂಗಳು, ದಿನ,
ಗಂಟೆ, ನಿಮಿಷ.
ಆಗ ಅದು ಇವತ್ತಿಗೆ ಬರುತ್ತದೆ. ಅದರ ಜೊತೆ ನಾನೂ.

ಹೊಸ ಸೆಲ್ಲಿಗೆ ಮೂವತ್ತು ಕೊರುನಾ. ತಂದಿದ್ದೇನೆ.
ಮೇಜಿನ ಖಾನೆಯಲ್ಲಿದೆ, ಪೊಟ್ಟಣ ಒಡೆದಿಲ್ಲ.
ಮತೌಶ್ ಕೇಳಿದರೆ
ಅಂಗಡಿಯಲ್ಲಿ ಸಿಗಲಿಲ್ಲ ಅನ್ನುತ್ತೇನೆ.